ಚೀಟಿಯಲ್ಲಿ ‘ಎಫ್’ ಎಂದು ಬರೆದಿದ್ದರೆ

ನಿಮ್ಮ ಮನೆಯ ಕಪಾಟಿನಲ್ಲಿ ಆಸ್ಪತ್ರೆಯ ಹಳೆಯ ಫೈಲುಗಳಿದ್ದರೆ ಒಮ್ಮೆ ತೆಗೆದು ನೋಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೆ ಎರಡು ಮೂರು ಅಂಕಿಗಳು ಕಾಣಬಹುದು. ಅಜ್ಜನ ಸಕ್ಕರೆ ಕಾಯಿಲೆಗೆ ಇ 11, ತಾಯಿಯ ಬಿ.ಪಿ.ಗೆ ಐ 10, ತಮ್ಮನ ಉಬ್ಬಸಕ್ಕೆ ಜೆ 45. ಇದನ್ನು ನೋಡಿ ಯಾರೂ ನಿದ್ದೆಗೆಡುವುದಿಲ್ಲ. ಆದರೆ ಆ ಅಕ್ಷರ ಎಫ್ ಆಗಿದ್ದು, ಯಾರಾದರೂ ಮೊಬೈಲಿನಲ್ಲಿ ಹುಡುಕಿ ‘ಎಫ್ ಅಂದರೆ ಮಾನಸಿಕ ಕಾಯಿಲೆ’ ಎಂದು ಹೇಳಿದರೆ ಸಾಕು, ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಚೀಟಿ ಬೀರುವಿನ ತಳ ಸೇರುತ್ತದೆ. ಕೆಲವೊಮ್ಮೆ ಒಲೆಯನ್ನೂ ಸೇರುತ್ತದೆ.

ಮೊದಲ ಪುಟ ಹರಿದ ಫೈಲುಗಳು ನನ್ನ ಕ್ಲಿನಿಕ್‌ಗೆ ಬರುತ್ತಲೇ ಇರುತ್ತವೆ. ಕಾರಣ ಕೇಳಿದರೆ ಹೆಚ್ಚಾಗಿ ಒಂದೇ ಉತ್ತರ: “ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ ಡಾಕ್ಟ್ರೇ, ಯಾರ ಕಣ್ಣಿಗಾದರೂ ಬಿದ್ದರೆ?” ತಾಯಿಯ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಪುಟದೊಂದಿಗೆ ಏನೇನು ಹೋಯಿತು ನೋಡಿ. ಯಾವ ಮಾತ್ರೆ ಕೊಟ್ಟಿದ್ದರು, ಎಷ್ಟು ಪ್ರಮಾಣದಲ್ಲಿ ಗುಣ ಕಂಡಿತು, ಯಾವುದು ಒಗ್ಗಲಿಲ್ಲ ಎಂಬುದೆಲ್ಲ ಹೋಯಿತು. ಮುಂದಿನ ವೈದ್ಯರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ತಿಂಗಳುಗಳ ಸಂಕಟವನ್ನು ಅನುಭವಿಸಬೇಕಾದವಳು ಅದೇ ಮಗಳು.

ಆದ್ದರಿಂದ ಈ ಎಫ್ ಎಂದರೆ ಏನು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ಇದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣ. ವೈದ್ಯರು ಚಿಕ್ಕದಾಗಿ ಐಸಿಡಿ ಎನ್ನುತ್ತಾರೆ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋಂ ಎಂಬವರು ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿ ಇದರ ಮೂಲ. ಯಾವ ಊರಿನಲ್ಲಿ ಜನ ಯಾವುದರಿಂದ ಸಾಯುತ್ತಾರೆ ಎಂದು ಲೆಕ್ಕ ಇಡಲು ಎಲ್ಲ ದೇಶಗಳಿಗೂ ಒಂದೇ ಪಟ್ಟಿ ಬೇಕಾಗಿತ್ತು. 1948ರ ಆರನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಮಾನಸಿಕ ಕಾಯಿಲೆಗಳಿಗೆ ಪ್ರತ್ಯೇಕ ವಿಭಾಗ ಸೇರಿತು. ಈಗಲೂ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವ ಎಫ್ ಸಂಖ್ಯೆಗಳು 1990ರಲ್ಲಿ ಅಂಗೀಕಾರವಾದ ಹತ್ತನೆಯ ಆವೃತ್ತಿಯವು. ಅದರ ಐದನೆಯ ಅಧ್ಯಾಯದ ಹೆಸರೇ ‘ಮಾನಸಿಕ ಮತ್ತು ವರ್ತನೆಯ ಕಾಯಿಲೆಗಳು’. ಎಫ್ 00ರಿಂದ ಎಫ್ 99ರವರೆಗಿನ ಎಲ್ಲವೂ ಅದರಲ್ಲಿ ಬರುತ್ತವೆ.

ಆ ಅಧ್ಯಾಯದಲ್ಲಿ ಏನೆಲ್ಲ ಇದೆ ಎಂದು ತಿಳಿದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಇಳಿವಯಸ್ಸಿನ ಮರೆಗುಳಿತನ ಅಲ್ಲಿದೆ. ಮಗು ಉಗ್ಗುವುದು ಎಫ್ 98.5, ಶರೀರದಲ್ಲಿ ಬೇರೆ ಕಾರಣವಿಲ್ಲದೆ ದೊಡ್ಡ ಮಗು ಹಾಸಿಗೆ ಒದ್ದೆ ಮಾಡುವುದು ಎಫ್ 98.0. ಬುದ್ಧಿ ಚುರುಕಾಗಿದ್ದರೂ ಅಕ್ಷರ ಓದಲು ತಡವರಿಸುವ ಮಗುವಿಗೆ ಎಫ್ 81.0. ಚಿಂತೆಯಿಂದ ನಿದ್ದೆ ಬಾರದಿರುವುದು ಎಫ್ 51.0. ಆಟಿಸಂ, ಖಿನ್ನತೆ, ಆತಂಕ, ಸ್ಕಿಝೋಫ್ರೇನಿಯಾ ಎಲ್ಲವೂ ಅದೇ ಅಧ್ಯಾಯದವು. ತಂಬಾಕಿನ ಚಟವೂ ಅಲ್ಲೇ ಇದೆ, ಎಫ್ 17.2. ಹುಡುಗಿಯ ಚೀಟಿಯಲ್ಲಿ ಎಫ್ 41 ಇದೆಯೆಂದು ಗುಟ್ಕಾ ಜಗಿಯುತ್ತ ಸಂಬಂಧ ಬೇಡವೆನ್ನುವ ಹಿರಿಯರು ಇದ್ದರೆ, ಅವರ ಕಾಯಿಲೆಯೂ ಅದೇ ಅಧ್ಯಾಯದ್ದು ಎಂದು ಅವರಿಗೆ ಮೆಲ್ಲಗೆ ತಿಳಿಸಬಹುದು.

ಇನ್ನು ನಮ್ಮ ಜನ ಹುಚ್ಚೆಂದೋ ಗಾಳಿ ಸೋಕಿದ್ದೆಂದೋ ತಿಳಿಯುವ ಫಿಟ್ಸ್, ಅಂದರೆ ಮೂರ್ಛೆರೋಗ, ಎಫ್ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಅದು ಜಿ 40. ಮೆದುಳು ಮತ್ತು ನರಗಳ ಕಾಯಿಲೆಗಳ ಸಾಲಿನಲ್ಲಿದೆ.

ಅಂಕಿಗಳನ್ನು ಓದುವ ಕ್ರಮ ಕಷ್ಟದ್ದಲ್ಲ. ಎಫ್ ನಂತರದ ಮೊದಲ ಅಂಕಿ ಕಾಯಿಲೆ ಯಾವ ಗುಂಪಿನದೆಂದು ಹೇಳುತ್ತದೆ. 1 ಇದ್ದರೆ ಮದ್ಯ, ತಂಬಾಕು, ಗಾಂಜಾದಂತಹ ಅಮಲು ವಸ್ತುಗಳಿಂದ ಬಂದದ್ದು. 2 ಇದ್ದರೆ ಸ್ಕಿಝೋಫ್ರೇನಿಯಾ ಮತ್ತು ಅದರಂಥವು. 3 ಅಂದರೆ ಮನಸ್ಸು ವಿಪರೀತ ಕುಗ್ಗುವ ಅಥವಾ ವಿಪರೀತ ಏರುವ ಕಾಯಿಲೆಗಳು. 4 ಅಂದರೆ ಆತಂಕ, ಗೀಳು, ಆಘಾತದ ನಂತರದ ತೊಂದರೆಗಳು. ಚುಕ್ಕೆಯ ನಂತರದ ಅಂಕಿ ಅನೇಕ ಕಡೆ ತೀವ್ರತೆಯನ್ನು ಸೂಚಿಸುತ್ತದೆ. ಎಫ್ 32.0 ಲಘು ಖಿನ್ನತೆ, 32.1 ಮಧ್ಯಮ, 32.2 ತೀವ್ರ. ಇಲ್ಲಿ ಒಂದು ವಿಷಯ ಗಮನಿಸಿ. ಎಫ್ 32ರ ಪೂರ್ಣ ಹೆಸರಿನಲ್ಲಿಯೇ ‘ಅವಧಿ’ ಎಂಬ ಅರ್ಥದ ಪದವಿದೆ. ಖಿನ್ನತೆಯ ಒಂದು ಅವಧಿ ಬಂದಿದೆ ಎಂದಷ್ಟೇ ಅದರ ಅರ್ಥ. ಈ ವ್ಯಕ್ತಿ ಹೀಗೆಯೇ ಇರುತ್ತಾನೆ ಎಂದಲ್ಲ.

ವೈದ್ಯರು ಈ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಅಧ್ಯಾಯಕ್ಕೆಂದೇ ಪ್ರತ್ಯೇಕ ಮಾರ್ಗದರ್ಶಿ ಪುಸ್ತಕ ಹೊರತಂದಿತು. ಹೊದಿಕೆಯ ಬಣ್ಣದಿಂದಾಗಿ ವೈದ್ಯರು ಅದನ್ನು ನೀಲಿ ಪುಸ್ತಕ ಎನ್ನುತ್ತಾರೆ. ಪ್ರತಿ ಕಾಯಿಲೆಗೆ ಯಾವ ಲಕ್ಷಣಗಳು, ಎಷ್ಟು ಇರಬೇಕು, ಎಷ್ಟು ದಿನ ಇರಬೇಕು ಎಂದು ಅದರಲ್ಲಿ ಹೇಳಲಾಗಿದೆ. ಖಿನ್ನತೆ ಎನ್ನಲು ಸಾಮಾನ್ಯವಾಗಿ ಕನಿಷ್ಠ ಎರಡು ವಾರ, ಸ್ಕಿಝೋಫ್ರೇನಿಯಾ ಎನ್ನಲು ಕನಿಷ್ಠ ಒಂದು ತಿಂಗಳು. ನಿನ್ನೆ ಅತ್ತೆಯ ಜೊತೆ ಜಗಳವಾಗಿ ಸೊಸೆ ಊಟ ಬಿಟ್ಟರೆ ಅದು ಎಫ್ 32 ಅಲ್ಲ. ಮೂರು ವಾರಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ತಾನು ಯಾರಿಗೂ ಬೇಡ ಎನ್ನಿಸುತ್ತಿದೆ ಎಂದಾದರೆ ಅದನ್ನು ‘ಸೋಮಾರಿತನ’ ಎಂದು ತಳ್ಳಿಹಾಕುವ ಹಕ್ಕು ಮನೆಯ ಯಾರಿಗೂ ಇಲ್ಲ.

ನಮ್ಮ ಮನೆಗಳಲ್ಲಿ ಹೆಚ್ಚು ಮುಚ್ಚಿಹೋಗುವ ಒಂದು ಸಂಖ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಎಫ್ 42, ಗೀಳು ರೋಗ. ವುಝೂ ಮಾಡಲು ಹೋದ ಹುಡುಗ ಅರ್ಧ ಗಂಟೆಯಾದರೂ ನಲ್ಲಿಯ ಬಳಿಯೇ ಇರುತ್ತಾನೆ. ಮೊಣಕೈ ಒದ್ದೆಯಾಯಿತೋ ಇಲ್ಲವೋ ಎಂಬ ಸಂಶಯ, ಮತ್ತೆ ಮೊದಲಿನಿಂದ ಶುರು. ನಮಾಝಿಗೆ ನಿಂತರೆ ತಕ್ಬೀರ್ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಕೈಕಟ್ಟುತ್ತಾನೆ. ಕೈಯ ಚರ್ಮ ಬಿರಿದಿರುತ್ತದೆ. ಮನೆಯವರು ಮೊದಲು ‘ಎಷ್ಟು ಶುದ್ಧಿ, ಎಷ್ಟು ಭಕ್ತಿ’ ಎಂದು ಮೆಚ್ಚುತ್ತಾರೆ. ಆಮೇಲೆ ನೀರಿನ ಟ್ಯಾಂಕ್ ಖಾಲಿಯಾಗತೊಡಗಿದಾಗ ಬೈಯುತ್ತಾರೆ. ಎರಡೂ ತಪ್ಪು. ನಾವು ವಸ್ವಾಸ್ ಎಂದು ಕರೆಯುವ ಈ ಸ್ಥಿತಿಗೂ ಭಕ್ತಿಗೂ ಇರುವ ವ್ಯತ್ಯಾಸವನ್ನು ಆ ಮಾರ್ಗದರ್ಶಿಯ ಅಳತೆಗಳೇ ತೋರಿಸುತ್ತವೆ. ಆ ಯೋಚನೆ ತನ್ನದೇ ಮನಸ್ಸಿನಿಂದ ಬರುತ್ತಿದೆ ಎಂದು ರೋಗಿಗೆ ಗೊತ್ತಿರುತ್ತದೆ. ಅದನ್ನು ತಡೆಯಲು ಪ್ರಯತ್ನಿಸಿ ಸೋತಿರುತ್ತಾನೆ. ಅದನ್ನು ಮಾಡುವುದರಲ್ಲಿ ಅವನಿಗೆ ಯಾವ ಸಂತೋಷವೂ ಇರುವುದಿಲ್ಲ. ಇದು ಕನಿಷ್ಠ ಎರಡು ವಾರ, ಹೆಚ್ಚಿನ ದಿನಗಳಲ್ಲಿ ನಡೆದು, ಅವನ ದಿನಚರಿಯನ್ನೇ ಕೆಡಿಸಿರುತ್ತದೆ. ಭಕ್ತಿಯಿಂದ ವುಝೂ ಮಾಡಿದವನಿಗೆ ನೆಮ್ಮದಿ ಸಿಗುತ್ತದೆ. ಇವನು ಅಳುತ್ತ ನಲ್ಲಿ ನಿಲ್ಲಿಸುತ್ತಾನೆ.

ಇಂಥವನನ್ನು ಉಸ್ತಾದರ ಬಳಿ ಕರೆದುಕೊಂಡು ಹೋದರೆ ಅವರು ಸರಿಯಾದುದನ್ನೇ ಹೇಳುತ್ತಾರೆ: ಬರೀ ಸಂಶಯದಿಂದ ವುಝೂ ಮುರಿಯುವುದಿಲ್ಲ, ಸಂಶಯಕ್ಕೆ ಕಿವಿಗೊಡಬೇಡ. ಆದರೆ ಆ ನಿಯಮ ಅವನಿಗೆ ಮೊದಲೇ ಗೊತ್ತಿದೆ. ಒಂದು ಗಂಟೆ ಸಮಾಧಾನವಾಗುತ್ತದೆ, ಮತ್ತೆ ಬಂದು ಅದನ್ನೇ ಕೇಳುತ್ತಾನೆ. ಹಾಗೆ ಪದೇ ಪದೇ ಕೇಳಿ ಖಚಿತಪಡಿಸಿಕೊಳ್ಳುವುದೂ ಗೀಳಿನ ಒಂದು ಭಾಗವೇ ಆಗಿಬಿಡುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮಾತ್ರೆಗಳಿವೆ. ಸಂಶಯ ಬಂದರೂ ಮತ್ತೆ ತೊಳೆಯದೆ ತಾಳಿಕೊಳ್ಳುವುದನ್ನು ಹಂತ ಹಂತವಾಗಿ ಕಲಿಸುವ ತರಬೇತಿಯೂ ಇದೆ. ಎಫ್ 42 ಎಂದು ಬರೆದ ಚೀಟಿ ಆ ಚಿಕಿತ್ಸೆಯ ಬಾಗಿಲು.

ಇದು ಪಶ್ಚಿಮದವರು ಈಚೆಗೆ ಹೊಸದಾಗಿ ಹುಟ್ಟಿಸಿದ ಕಾಯಿಲೆ ಎಂದು ಹೇಳುವವರಿದ್ದಾರೆ. ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ಅಬೂ ಝೈದ್ ಅಲ್ ಬಲ್ಖಿ ಸುಮಾರು ಹನ್ನೊಂದು ಶತಮಾನಗಳ ಹಿಂದೆ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥ ಬರೆದರು. ಮನಸ್ಸಿನ ತೊಂದರೆಗಳನ್ನು ಕೋಪ, ಭಯ, ದುಃಖ, ವಸ್ವಾಸ್ ಎಂದು ಅವರು ವಿಂಗಡಿಸಿದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದೂ ಗುರುತಿಸಿದರು. ಇಬ್ನ್ ಸೀನಾ ಅವರ ‘ಅಲ್ ಖಾನೂನ್’ನ ಮೂರನೆಯ ಭಾಗ ತಲೆಯಿಂದ ಪಾದದವರೆಗಿನ ಕಾಯಿಲೆಗಳನ್ನು ಕ್ರಮವಾಗಿ ವಿವರಿಸುತ್ತದೆ. ತಲೆಯ ಕಾಯಿಲೆಗಳ ನಡುವೆಯೇ ಅಲ್ಲಿ ಮಾಲೀಖೂಲಿಯಾ ಇದೆ. ಯುನಾನಿ ಕಲಿಯುವವರೆಲ್ಲ ಇದನ್ನು ಓದಿಯೇ ಬರುತ್ತೇವೆ. ಕಾಯಿಲೆಗೆ ಹೆಸರು ಕೊಟ್ಟು ವಿಂಗಡಿಸಿದರೆ ಮಾತ್ರ ಚಿಕಿತ್ಸೆಗೆ ದಾರಿ ಸಿಗುತ್ತದೆ ಎಂಬುದು ನಮ್ಮ ಹಕೀಮರಿಗೆ ಹೊಸ ವಿಷಯವಾಗಿರಲಿಲ್ಲ.

ಇನ್ನೊಂದು ಸಂಖ್ಯೆ ಎಫ್ 44.3. ಮೈಮೇಲೆ ಬರುವುದು, ತಾನು ಬೇರೊಬ್ಬರೆಂಬಂತೆ ಮಾತಾಡುವುದು ಇತ್ಯಾದಿ ಸ್ಥಿತಿಗಳು ಇದರಡಿ ಬರುತ್ತವೆ. ವೈದ್ಯಶಾಸ್ತ್ರ ಧಾರ್ಮಿಕ ನಂಬಿಕೆಯನ್ನೇ ಕಾಯಿಲೆ ಎನ್ನುತ್ತದೆ ಎಂಬ ಆಕ್ಷೇಪ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಪುಸ್ತಕದಲ್ಲಿರುವುದು ಬೇರೆ. ವ್ಯಕ್ತಿಗೆ ಬೇಡವಾಗಿದ್ದು, ಅವನ ಹಿಡಿತಕ್ಕೆ ಸಿಗದೆ, ಧಾರ್ಮಿಕವಾಗಿ ಅಥವಾ ಸಮಾಜದಲ್ಲಿ ಒಪ್ಪಿತವಾದ ಸಂದರ್ಭದ ಹೊರಗೆ ಆಗುವುದನ್ನು ಮಾತ್ರ ಈ ಸಂಖ್ಯೆಯಡಿ ಸೇರಿಸಬೇಕು ಎಂದು ಸ್ಪಷ್ಟವಾಗಿದೆ. ಜಿನ್ನ್ ಇದೆಯೇ ಎಂಬ ಪ್ರಶ್ನೆಗೆ ಐಸಿಡಿ ಉತ್ತರಿಸುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ನೀವು ಮನೆಯಲ್ಲಿ ಕುರ್‌ಆನ್ ಓದಿ, ದುಆ ಮಾಡಿ, ಜೊತೆಗೆ ವೈದ್ಯರಿಗೂ ತೋರಿಸಿ. ಆದರೆ ಹೊಡೆಯುವವರ, ಹೊಗೆ ಹಾಕುವವರ, ಸರಪಳಿಯಲ್ಲಿ ಕಟ್ಟಿಹಾಕುವವರ ಕೈಗೆ ಮಾತ್ರ ಮಕ್ಕಳನ್ನು ಒಪ್ಪಿಸಬೇಡಿ. ಮಾನಸಿಕ ರೋಗಿಗೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ.

ಮುಂದಿನದನ್ನು ಕೆಲವು ಮನೆಗಳಲ್ಲಿ ಗಟ್ಟಿಯಾಗಿ ಓದಲು ಸಂಕೋಚವಾಗಬಹುದು. ಆದರೂ ಬೆಳೆದ ಗಂಡುಮಕ್ಕಳ ತಂದೆಯರು ಓದಲೇಬೇಕು. ಯುನಾನಿ ಎಂದು ಬೋರ್ಡ್ ಹಾಕಿದ ಯಾವ ಕ್ಲಿನಿಕ್‌ಗೂ ತಪ್ಪದೆ ಬರುವವರೆಂದರೆ ‘ಧಾತು ಹೋಗಿ ನಿಶ್ಶಕ್ತಿಯಾಗಿದೆ’ ಎನ್ನುವ ಯುವಕರು. ಜಿರ್ಯಾನ್ ಎಂಬ ಕಾಯಿಲೆ ನಮ್ಮ ಗ್ರಂಥಗಳಲ್ಲಿ ಇದೆ, ನಿಜ. ಆದರೆ ಹೀಗೆ ಬರುವವರಲ್ಲಿ ಬಹುಪಾಲು ಮಂದಿಗೆ ಶರೀರದಲ್ಲಿ ಯಾವ ದೋಷವೂ ಇರುವುದಿಲ್ಲ. ನಿದ್ದೆಯಲ್ಲಿ ಸ್ಖಲನವಾಗುವುದು ಆರೋಗ್ಯವಂತನಿಗೂ ಸಹಜ, ಸ್ನಾನ ಮಾಡಿದರೆ ಮುಗಿಯಿತು. ಅವರನ್ನು ಕುಗ್ಗಿಸಿರುವುದು ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳು ತುಂಬಿದ ಭಯ. ಧಾತು ನಷ್ಟದ ಈ ಅತಿಯಾದ ಚಿಂತೆ ನಮ್ಮ ಉಪಖಂಡದಲ್ಲಿ ಎಷ್ಟು ಸಾಮಾನ್ಯವೆಂದರೆ ಐಸಿಡಿ ಹತ್ತನೆಯ ಆವೃತ್ತಿ ಅದನ್ನು ಹೆಸರಿಸಿ ಎಫ್ 48.8ರಲ್ಲಿ ಸೇರಿಸಿದೆ. ಅದರ ಹಿಂದೆ ಖಿನ್ನತೆಯೋ ಆತಂಕವೋ ಅಡಗಿರುವುದು ಅಪರೂಪವಲ್ಲ. ಇಂತಹ ಹುಡುಗನಿಗೆ ಸಾವಿರಾರು ರೂಪಾಯಿಯ ಮಾಜೂನ್ ಮಾರುವುದು ಹಿಕ್ಮತ್ ಅಲ್ಲ, ವ್ಯಾಪಾರ. ಹೀಗೆ ಹೇಳಿದ್ದಕ್ಕೆ ನನ್ನ ವೃತ್ತಿಬಾಂಧವರು ಕೆಲವರು ಸಿಟ್ಟಾಗಬಹುದು, ಆಗಲಿ.

ಯುನಾನಿಗೂ ಈಗ ಕೋಡ್‌ಗಳಿವೆ. ಕೇಂದ್ರ ಸರಕಾರದ ಆಯುಷ್ ಇಲಾಖೆ 2017ರಲ್ಲಿ ‘ನಮಸ್ತೆ’ ಎಂಬ ಪೋರ್ಟಲ್ ಮೂಲಕ ಆಯುರ್ವೇದ, ಸಿದ್ಧ, ಯುನಾನಿ ಕಾಯಿಲೆಗಳ ಹೆಸರುಗಳಿಗೆ ಸಂಕೇತಗಳನ್ನು ಪ್ರಕಟಿಸಿತು. 2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಮೂರು ಪದ್ಧತಿಗಳ ಹೆಸರುಗಳನ್ನು ಐಸಿಡಿ ಹನ್ನೊಂದನೆಯ ಆವೃತ್ತಿಯ ಪ್ರತ್ಯೇಕ ಭಾಗದಲ್ಲಿ ಸೇರಿಸಿತು. ಸಂತೋಷದ ವಿಷಯ. ಆದರೆ ಒಂದನ್ನು ನೇರವಾಗಿ ಹೇಳಿಬಿಡುತ್ತೇನೆ. ಕಾನೂನಿನ ಪ್ರಕಾರ ಯುನಾನಿಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರೆಂದರೆ ಮುಆಲಜಾತ್‌ನ ನಫ್ಸಿಯಾತ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ನನ್ನಂತಹ ಬಿಯುಎಂಎಸ್ ವೈದ್ಯರ ಕೆಲಸ ನಿಮ್ಮ ಮಾತನ್ನು ತಾಳ್ಮೆಯಿಂದ ಕೇಳುವುದು, ನಿದ್ದೆ, ಆಹಾರ, ದಿನಚರಿಯನ್ನು ಸರಿಪಡಿಸುವುದು, ಲಕ್ಷಣಗಳನ್ನು ಗುರುತಿಸಿ ಸರಿಯಾದ ಕಡೆಗೆ ಕಳುಹಿಸುವುದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ನಮ್ಮದನ್ನು ಮಾತ್ರ ತೆಗೆದುಕೊಳ್ಳಿ ಎನ್ನುವ ಹಕೀಮರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಹನ್ನೊಂದನೆಯ ಆವೃತ್ತಿಯ ಮಾತು ಬಂತಲ್ಲ. 2019ರಲ್ಲಿ ಅದನ್ನು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿತು, 2022ರ ಜನವರಿಯಿಂದ ಅದು ಜಾರಿಗೆ ಬಂತು. ಅದರಲ್ಲಿ ಎಫ್ ಹೋಗಿ ಈ ಸಂಖ್ಯೆಗಳು 6ರಿಂದ ಆರಂಭವಾಗುತ್ತವೆ. ಗೀಳು ರೋಗ 6ಬಿ20, ಮೊಬೈಲ್ ಮತ್ತು ಕಂಪ್ಯೂಟರ್ ಆಟದ ಚಟ 6ಸಿ51. ಮುಂದಿನ ದಿನಗಳಲ್ಲಿ ನಿಮ್ಮ ಚೀಟಿಯಲ್ಲಿ ಹೀಗೆ ಬರೆದಿದ್ದರೆ ಗಾಬರಿಯಾಗಬೇಡಿ, ಹೊಸ ಕಾಯಿಲೆ ಬಂದಿಲ್ಲ. ಹೊಸದಾಗಿ ಸೇರಿದವುಗಳಲ್ಲಿ 6ಬಿ42 ನಮಗೆ ಮುಖ್ಯ. ಅದು ಆಪ್ತರ ಮರಣದ ನಂತರ ಮುಗಿಯದೇ ಉಳಿಯುವ ದುಃಖ. ಇದನ್ನು ಕಾಯಿಲೆ ಎನ್ನಲು ಕನಿಷ್ಠ ಆರು ತಿಂಗಳು ಕಳೆದಿರಬೇಕು. ಅಷ್ಟೇ ಅಲ್ಲ, ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮದಲ್ಲಿ ಸಹಜವೆನಿಸುವ ದುಃಖವನ್ನೂ ಅದು ಮೀರಿರಬೇಕು. ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್‌ನಲ್ಲಿ ಮೌನವಾಗಿ ಕುಳಿತರೆ, ಅತ್ತರೆ, ಅದಕ್ಕೆ ಯಾವ ಸಂಖ್ಯೆಯೂ ಇಲ್ಲ. ಇದ್ದತ್ ಮುಗಿದು ಎಷ್ಟೋ ತಿಂಗಳಾದ ಮೇಲೂ ಅಡುಗೆಮನೆಗೆ ಕಾಲಿಡದೆ, ಮಕ್ಕಳ ಮುಖ ನೋಡದೆ, ಹಗಲಿರುಳು ಅವನ ಅಂಗಿ ಹಿಡಿದು ಕುಳಿತಿದ್ದರೆ ಅವಳಿಗೆ ‘ಸಬ್ರ್ ಮಾಡು’ ಎಂಬ ಮಾತಷ್ಟೇ ಸಾಲದು, ಸಹಾಯ ಬೇಕು.

ಈಗ ಕಾನೂನು. ನಮ್ಮ ದೇಶದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2017ರದ್ದು. ಅದರ ಮೂರನೆಯ ಸೆಕ್ಷನ್ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮಾನಸಿಕ ಕಾಯಿಲೆಯನ್ನು ಐಸಿಡಿಯಂತಹ ಮಾನ್ಯ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಧರಿಸಬೇಕು, ಧರ್ಮ, ಸಾಮಾಜಿಕ ಸ್ಥಾನ, ರಾಜಕೀಯ ನಿಲುವಿನ ಕಾರಣಕ್ಕೆ ಯಾರನ್ನೂ ಹಾಗೆ ಕರೆಯುವಂತಿಲ್ಲ ಎನ್ನುತ್ತದೆ ಅದು. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಕಾರಣದಿಂದ ಇವತ್ತು ಕಾಯಿಲೆ ಇದೆ ಎನ್ನುವಂತಿಲ್ಲ. ಕಾಯಿಲೆ ಇದೆಯೆಂದು ಗುರುತಿಸಿದ ಮಾತ್ರಕ್ಕೆ ಆ ವ್ಯಕ್ತಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅರ್ಥವಲ್ಲ, ಅದನ್ನು ನ್ಯಾಯಾಲಯ ಮಾತ್ರ ಹೇಳಬಹುದು. ಆಸ್ತಿ ಪಾಲಿನ ಜಗಳದಲ್ಲಿ ತಂಗಿಯ ಹಳೆಯ ಚೀಟಿಯನ್ನು ಎತ್ತಿ ಹಿಡಿಯುವ ಅಣ್ಣಂದಿರು ಇದನ್ನು ಎರಡು ಸಲ ಓದಲಿ. ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎಂಬುದು 23ನೆಯ ಸೆಕ್ಷನ್. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವೈದ್ಯಕೀಯ ವಿಮೆ ಇರಬೇಕು ಎಂಬುದು 21ನೆಯ ಸೆಕ್ಷನ್. ವಿಮೆಯ ಹಣ ಕೇಳುವಾಗ ಕಾಯಿಲೆಯ ಹೆಸರಿನೊಂದಿಗೆ ಈ ಕೋಡ್ ಕೂಡ ಬೇಕಾಗುತ್ತದೆ. ಹರಿದುಹಾಕಿದ ಪುಟದ ಬೆಲೆ ಆಗ ಗೊತ್ತಾಗುತ್ತದೆ.

ನಿಕಾಹ್ ಮಾತುಕತೆಯಲ್ಲಿ ಹೇಳಬೇಕೇ ಬೇಡವೇ ಎಂದು ನನ್ನನ್ನು ಹಲವರು ಕೇಳುತ್ತಾರೆ. ಪಕ್ಕದ ಮನೆಯವರಿಗೆ, ದಲ್ಲಾಳಿಗೆ, ದೂರದ ಸಂಬಂಧಿಕರಿಗೆ ಹೇಳುವ ಅಗತ್ಯವಿಲ್ಲ. ಆದರೆ ಈಗಲೂ ಮಾತ್ರೆ ನಡೆಯುತ್ತಿದ್ದರೆ, ಮಾತು ಗಟ್ಟಿಯಾಗುವ ಹಂತದಲ್ಲಿ ಹುಡುಗ ಹುಡುಗಿ ಇಬ್ಬರಿಗೂ ತಿಳಿದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮುಚ್ಚಿಟ್ಟು ಮದುವೆ ಮಾಡಿದರೆ ಏನಾಗುತ್ತದೆ? ಹೊಸ ಮನೆಯಲ್ಲಿ ಯಾರಾದರೂ ನೋಡಿಯಾರು ಎಂದು ಹುಡುಗಿ ಮಾತ್ರೆ ನುಂಗುವುದನ್ನೇ ಬಿಡುತ್ತಾಳೆ. ಕೆಲವು ವಾರಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಆಗ ಹೇಳುವ ಸತ್ಯವನ್ನು ಯಾರೂ ನಂಬುವುದಿಲ್ಲ. ಹುಡುಗನ ಕಡೆಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬುದು ಯಾವ ಪುಸ್ತಕದಲ್ಲೂ ಚಿಕಿತ್ಸೆಯಾಗಿ ಬರೆದಿಲ್ಲ.

ಕೋಡ್ ಹೇಳದಿರುವ ವಿಷಯಗಳೂ ಇವೆ. ಕಾಯಿಲೆ ಏಕೆ ಬಂತು, ಎಷ್ಟು ಬೇಗ ವಾಸಿಯಾಗುತ್ತದೆ, ಮಕ್ಕಳಿಗೆ ಬರುತ್ತದೆಯೇ ಎಂಬುದಕ್ಕೆ ಆ ಎರಡು ಮೂರು ಅಂಕಿಗಳಲ್ಲಿ ಉತ್ತರ ಹುಡುಕಬೇಡಿ. ಮೊದಲ ಭೇಟಿಯಲ್ಲಿ ಬರೆದ ಸಂಖ್ಯೆ ಆರು ತಿಂಗಳ ನಂತರ ಬದಲಾಗಲೂಬಹುದು. ಕೆಲವೊಮ್ಮೆ ವೈದ್ಯರು ಇನ್ನೂ ಖಚಿತವಿಲ್ಲದೆ ತಾತ್ಕಾಲಿಕವಾಗಿ ಒಂದನ್ನು ಬರೆದಿರುತ್ತಾರೆ. ಅದಕ್ಕೇ ಚೀಟಿ ಕೈಗೆ ಬಂದಾಗ ಮೊಬೈಲಿಗೆ ಅಲ್ಲ, ವೈದ್ಯರಿಗೇ ಕೇಳಿ. ಇದರ ಹೆಸರು ಕನ್ನಡದಲ್ಲಿ ಏನು? ಇದು ಖಚಿತವೇ, ತಾತ್ಕಾಲಿಕವೇ? ಎಷ್ಟು ಕಾಲ ಮಾತ್ರೆ ಬೇಕಾಗಬಹುದು, ನಿಲ್ಲಿಸುವುದು ಹೇಗೆ? ಥೈರಾಯ್ಡ್, ರಕ್ತಹೀನತೆ ಇತ್ಯಾದಿ ದೇಹದ ಕಾರಣಗಳನ್ನು ಪರೀಕ್ಷಿಸಿದ್ದೀರಾ? ರಮಝಾನ್ ಹತ್ತಿರವಿದ್ದರೆ ಉಪವಾಸದ ಬಗ್ಗೆಯೂ ಮೊದಲೇ ಕೇಳಬೇಕು. ಮುಖ್ಯವಾಗಿ ಎಫ್ 31 ಎಂದು ಬರೆದು ಲಿಥಿಯಂ ಕೊಟ್ಟಿದ್ದರೆ ಇದು ಬಹಳ ಮುಖ್ಯ. ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಮಾತ್ರೆಯ ಸಮಯವನ್ನು ನೀವೇ ಸಹ್ರಿ, ಇಫ್ತಾರ್‌ಗೆ ಹೊಂದಿಸಿಕೊಳ್ಳಬೇಡಿ.

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಬಹುಪಾಲು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಅಂದರೆ ನಿಮ್ಮ ಮಸೀದಿಯ ಒಂದು ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಹತ್ತು ಮಂದಿ ನಿಂತಿದ್ದರೆ, ಅವರಲ್ಲಿ ಒಬ್ಬರಿಗೆ ಇದು ಇರಬಹುದು.

ದೂರದ ಆಸ್ಪತ್ರೆಗೆ ಹೋಗುವ ಮೊದಲು ಯಾರ ಬಳಿಯಾದರೂ ಮಾತಾಡಬೇಕು ಎನ್ನಿಸಿದರೆ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಸಾಯಬೇಕೆನ್ನಿಸುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಬೆಳಗಾಗಲಿ ಎಂದು ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಹಳೆಯ ಫೈಲನ್ನೂ, ಮಾತ್ರೆಯ ಖಾಲಿ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ನನ್ನಂತಹ ಹಕೀಮರು ಕೊಟ್ಟ ಔಷಧದ ಚೀಟಿಯಿದ್ದರೆ ಅದನ್ನೂ ಸೇರಿಸಿ.